ಮರಿಗೆ ಮುಗಿಬೀಳುವವರು ಮುದಿನಾಯಿಗೆ ಯಾಕಿಲ್ಲ?

ಪಟ್ಟದಕಲ್ಲಿನ ಗುಡಿ ನೋಡಲು ಬಂದ ಪರಸ್ಥಳದ ಮಂದಿ ಚಹಾದಂಗಡಿಯಲ್ಲಿ ಕುಳಿತಾಗ ಈ ಮಾತು ಬಂದೇ ಬರುತ್ತದೆ: "ಮುಧೋಳ ನಾಯಿ ನಿಮ್ಮ ಜಿಲ್ಲಾದ್ದ ಅಲ್ಲೇನ್ರಿ? ಮರಿ ಸಿಗ್ತಾವೇನು?" ಸಿಗುತ್ತವೆ. ಮುಧೋಳ ಸೀಮೆಯ ಎಷ್ಟೋ ಮನೆಗಳಿಗೆ ಮರಿ ಮಾರುವುದೇ ಒಂದು ಉಪಕಸುಬು. ಅಲ್ಲಿಯ ತಿಮ್ಮಾಪುರದಲ್ಲಿ ನಾಯಿಗಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ಆದರೆ "ಎಂಟು ವರ್ಷದ್ದೊಂದು ದೊಡ್ಡ ನಾಯಿ ಇದ್ರ ಹೇಳ್ರಿ, ಒಯ್ತೀನಿ" ಎಂದು ಕೇಳುವ ಪುಣ್ಯಾತ್ಮರು ಅಪರೂಪ.

ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಬೆಳೆಸಿದ ತಳಿಯಿದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದವು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಇದರ ಹೆಸರು ಹೇಳಿದರು. ಮರ್ಯಾದೆ ಏನಿದ್ದರೂ ಮರಿಗೆ ಮತ್ತು ಹರೆಯದ ನಾಯಿಗೆ.

ಬೆಳೆದ ಗಂಡು ನಾಯಿ ನಿಂತರೆ ಭುಜದ ತನಕ ಸುಮಾರು 70 ಸೆಂ.ಮೀ. ಎತ್ತರ. ದಿನಾ ಓಡಿಸಬೇಕು. ಪಟ್ಟಣದ ಎರಡು ಕೋಣೆಯ ಬಾಡಿಗೆ ಮನೆಗೆ ಒಯ್ದವರಿಗೆ ಬೇಗ ಸಾಕಾಗಿಬಿಡುತ್ತದೆ. ವರ್ಗಾವಣೆ ಬರುತ್ತದೆ, ಮಾಲಕರು ತಕರಾರು ತೆಗೆಯುತ್ತಾರೆ, ಕಡೆಗೆ ನಾಯಿ ಬೀದಿಗೆ. ನಸೀಬು ಇದ್ದರೆ ಆಶ್ರಯಧಾಮಕ್ಕೆ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ಹೋಗುವುದು ಅಪರಾಧವೆಂದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೇ ಹೇಳಿತು. ಮೊದಲ ಸಲಕ್ಕೆ ಅದರಲ್ಲಿ ಬರೆದ ದಂಡ ಹತ್ತರಿಂದ ಐವತ್ತು ರೂಪಾಯಿ. ಇಷ್ಟಕ್ಕೆ ಯಾರು ಹೆದರ್ತಾರ್ರಿ?

ಸೈನ್ಯದಲ್ಲಿಯೂ ಹಿಂದೆ ಕೆಲಸಕ್ಕೆ ಬಾರದ ನಾಯಿಗೆ ದಯಾಮರಣ ಕೊಡುತ್ತಿದ್ದರು. 2015ರಲ್ಲಿ ವಿಷಯ ದೆಹಲಿ ಹೈಕೋರ್ಟು ಮುಟ್ಟಿದ ಮೇಲೆ ಆ ಪದ್ಧತಿ ಬದಲಾಯಿತು. ಈಗ ನಿವೃತ್ತ ನಾಯಿಗಳನ್ನು ಸಾಕಲು ಇಷ್ಟಪಟ್ಟವರಿಗೆ ಕೊಡುತ್ತಾರೆ. ಕೊನೆಯ ತನಕ ನೋಡಿಕೊಳ್ಳುತ್ತೇವೆಂದು ಬರೆದುಕೊಡಬೇಕು, ಅಷ್ಟೇ.

ಹಾಗಾದರೆ ಮುದಿನಾಯಿಯಿಂದ ಏನು ಸಿಗುತ್ತದೆ? ಅಂಗಡಿಕಾರರು ಕೇಳುವ ಮೊದಲ ಪ್ರಶ್ನೆಯೇ ಇದು. ಅದು ಚಪ್ಪಲಿ ಕಡಿಯುವುದಿಲ್ಲ, ಗಲ್ಲೆಯ ಕೆಳಗೆ ಅರ್ಧ ದಿನ ಮಲಗಿರುತ್ತದೆ. ಗುಣ ಹ್ಯಾಂಗೈತಿ ಎಂಬುದು ತರುವ ಮೊದಲೇ ಗೊತ್ತಾಗುತ್ತದೆ. ಮರಿಯಲ್ಲಿ ಅದು ಲಾಟರಿ. ಆದರೆ ಅಂಗಡಿ ಕಾಯಲೆಂದು ಮುಧೋಳ ನಾಯಿ ತಂದರೆ ನಿರಾಶೆಯಾದೀತು. ಇದು ಕಣ್ಣಿಂದ ಬೇಟೆ ಹುಡುಕಿ ಬೆನ್ನಟ್ಟುವ ಜಾತಿ. ಮುಪ್ಪಿನಲ್ಲಿಯೂ ಕೋಳಿ, ಬೆಕ್ಕು ಓಡಿದರೆ ಹಳೇ ಚಾಳಿ ಏಳುತ್ತದೆ. ಓಣಿಯಲ್ಲಿ ಕೋಳಿ ಸಾಕಿದವರಿದ್ದರೆ ಹಗ್ಗ ಬಿಡಬಾರದು, ಇಲ್ಲದಿದ್ದರೆ ಜಗಳ ಖಾತ್ರಿ.

ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳುವು. ಬರೀ ಕಲ್ಲುಹಾಸಿನ ಮೇಲೆ ಮಲಗಿದರೆ ಮೊಣಕೈ ಹುಣ್ಣಾಗುತ್ತದೆ. ಮನೆಯಲ್ಲಿ ಹಳೇ ಕೌದಿ ಇದ್ದೇ ಇರುತ್ತದೆ. ನಾಲ್ಕು ಮಡಿಕೆ ಮಾಡಿ ಹಾಸಿದರೆ ಸಾಕು, ಚಳಿಗಾಲಕ್ಕೆ ಮೇಲೊಂದು. ಊಟ ಒಂದೇ ಸಲ ಹೊಟ್ಟೆಬಿರಿ ಹಾಕದೆ ಎರಡು ಹೊತ್ತು ಹಾಕಬೇಕು. ಎದೆ ಆಳದ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯವಿದೆ. ಉಂಡ ಕೂಡಲೆ ಓಡಿಸಬಾರದು. ಹೊಟ್ಟೆ ಉಬ್ಬಿ, ವಾಂತಿಯ ನಟನೆ ಮಾಡಿದರೂ ಏನೂ ಬರದಿದ್ದರೆ ನಾಳೆ ನೋಡೋಣ ಅನ್ನದೆ ಆ ಗಳಿಗೆಯೇ ಪಶುವೈದ್ಯರ ಹತ್ತಿರ ಒಯ್ಯಬೇಕು. ಹುಚ್ಚುನಾಯಿ ರೋಗದ ಲಸಿಕೆಯಂತೂ ಬಿಡುವಂತಿಲ್ಲ.

ಖರ್ಚು ಬರುತ್ತದೆ, ಸುಳ್ಳಲ್ಲ. ಕೀಲುನೋವು, ಹಲ್ಲು, ಉಣ್ಣಿ ಜ್ವರ ಯಾವುದಾದರೂ ಒಂದು ಇದ್ದೀತು. ದೊಡ್ಡ ನಾಯಿಯ ಆಯುಷ್ಯವೂ ಗಿಡ್ಡ. ಉಳಿದದ್ದು ಮೂರೋ ನಾಲ್ಕೋ ವರ್ಷ. ಆ ಲೆಕ್ಕ ಹಾಕಿಯೇ ತರಬೇಕು.

ತಂದ ಮೊದಲ ವಾರ ಮೂಲೆ ಹಿಡಿದು ಕೂರುತ್ತದೆ, ಊಟವನ್ನೂ ಬಿಡಬಹುದು. ಓಣಿಯ ಹುಡುಗರನ್ನೆಲ್ಲ ಕರೆದು ತೋರಿಸುವ ಉಮೇದು ಬೇಡ. ತರುವಾಗ ಮಾತ್ರ ಅದರ ಹಳೇ ಹೆಸರು ಕೇಳಿಕೊಂಡು ಬರಬೇಕು. ಮೂಲೆಯಲ್ಲಿ ಕುಂತ ನಾಯಿಗೆ ಈ ಹೊಸ ಮನೆಯಲ್ಲಿ ಗುರುತಿರುವ ವಸ್ತು ಅದೊಂದೇ.