ಮರವಂತೆಯಲ್ಲಿ ಸೌಪರ್ಣಿಕಾ ಕಡಲು ಸೇರುವುದಿಲ್ಲ ಏಕೆ?

ಕುಂದಾಪುರದಿಂದ ಬೈಂದೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಮರವಂತೆ ಸಿಗುತ್ತದೆ. ರಸ್ತೆಯ ಪಡುಬದಿಗೆ ಅರಬ್ಬೀ ಸಮುದ್ರ, ಮೂಡುಬದಿಗೆ ಸೌಪರ್ಣಿಕಾ ಹೊಳೆ, ನಡುವೆ ಒಂದು ಸಣ್ಣ ಮರಳಿನ ಪಟ್ಟಿ. ಕೊಡಚಾದ್ರಿಯಿಂದ ಇಳಿದು, ಕೊಲ್ಲೂರು ದಾಟಿ ಬಂದ ಹೊಳೆ ಇಲ್ಲಿ ಕಡಲಿಗೆ ಬೀಳದೆ ತೆಂಕಕ್ಕೆ ಹೊರಳುತ್ತದೆ. ಇನ್ನೂ ಸುಮಾರು 10 ಕಿ.ಮೀ. ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ಫೋಟೊ ತೆಗೆಯುವವರಿಗೆ ಇಲ್ಲಿ ಬರವಿಲ್ಲ. ಹೊಳೆ ತಿರುಗಿದ್ದೇಕೆ ಎಂದು ಕೇಳುವವರು ಕಡಿಮೆ.

ಕಾರಣ ಘಟ್ಟದಿಂದಲೇ ಶುರುವಾಗುತ್ತದೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ಅಲ್ಲಿಂದ ಕಡಲಿಗೆ ನೇರ ಗೆರೆ ಎಳೆದರೆ 30 ಕಿ.ಮೀ. ಆಸುಪಾಸು. ಈ ಇಳಿಜಾರಿನ ಬಹುಪಾಲು ಮೊದಲ ಕೆಲವು ಕಿಲೋಮೀಟರಿನಲ್ಲೇ ಮುಗಿದುಹೋಗುತ್ತದೆ. ಘಟ್ಟದಲ್ಲಿ ನೀರು ಬಂಡೆಯ ಬಿರುಕು ಹಿಡಿದು ಹರಿಯುವುದರಿಂದ ಹಳ್ಳಗಳು ಒಂದಷ್ಟು ದೂರ ನೆಟ್ಟಗೆ ಹೋಗಿ ತಟ್ಟನೆ ತಿರುಗುತ್ತವೆ. ಕೆಳಗೆ ಬಂದ ಮೇಲೆ ಕವಲುಗಳು ಮರದ ಕೊಂಬೆಗಳಂತೆ ಹರಡಿಕೊಳ್ಳುತ್ತವೆ. ಉಪಗ್ರಹ ನಕ್ಷೆಯಲ್ಲಿ ನೋಡಿದರೆ ಈ ಎರಡು ವಿನ್ಯಾಸ ಬದಲಾಗುವ ಜಾಗವೇ ಹೆಚ್ಚುಕಡಿಮೆ ಘಟ್ಟದ ಬುಡ.

ಮುಂದಿನದು ಮುರಕಲ್ಲಿನ (ಲ್ಯಾಟರೈಟ್) ಗುಡ್ಡಗಳ ಸೀಮೆ. ತಲೆ ಚಪ್ಪಟೆ, ಬದಿ ಕಡಿದು, ನಡುವೆ ಬೈಲುಗದ್ದೆ. ಮುರಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರು ಅಡಿಯ ಶೇಡಿಮಣ್ಣು ತಾಗಿದಾಗ ಕೆಳಗೆ ದಾರಿಯಿಲ್ಲದೆ ಗುಡ್ಡದ ಬುಡದಲ್ಲಿ ಒಸರುತ್ತದೆ. ಮಳೆಗಾಲ ಮುಗಿದ ಮೇಲೂ ತೋಡುಗಳು ಹರಿಯುವುದು ಈ ಒಸರಿನಿಂದ. ಗುಡ್ಡದ ನೆತ್ತಿಯಲ್ಲಿ ಕಲ್ಲು ಕಡಿದು ತೆಗೆದರೆ ಕೆಳಗಿನ ಬೈಲಿನ ನೀರಿಗೂ ಪೆಟ್ಟು ಎಂಬುದನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ.

ಕರಾವಳಿಗೆ ಬರುವಾಗ ಹೊಳೆಗೆ ಇಳಿಜಾರು ಇಲ್ಲವೆಂದೇ ಹೇಳಬೇಕು. ಇತ್ತ ಅಲೆಗಳು ದಡಕ್ಕೆ ಓರೆಯಾಗಿ ಬಡಿದು ಮರಳನ್ನು ದಂಡೆಗುಂಟ ಸಾಗಿಸಿ ದಿಬ್ಬ ಕಟ್ಟುತ್ತವೆ. ಆ ದಿಬ್ಬವನ್ನು ಒಡೆದು, ಒಡೆದ ಬಾಯಿ ಮುಚ್ಚದಂತೆ ಕಾಯುವ ಕಸುವು ಒಂಟಿ ಸೌಪರ್ಣಿಕೆಗೆ ಇಲ್ಲ. ಹಾಗಾಗಿ ದಿಬ್ಬದ ಹಿಂದೆಯೇ ಹರಿಯುತ್ತದೆ. ಗಂಗೊಳ್ಳಿ ಮತ್ತು ಕುಂದಾಪುರದ ಕೋಡಿಯ ನಡುವೆ ಚಕ್ರಾ, ವಾರಾಹಿ, ಕುಬ್ಜಾ, ಕೇದಕಾಗಳೂ ಕೂಡಿಕೊಂಡು ಪಂಚಗಂಗಾವಳಿಯಾಗುತ್ತದೆ. ಐದು ಹೊಳೆಗಳ ನೆರೆ, ಜೊತೆಗೆ ದಿನವೂ ನುಗ್ಗಿ ಹಿಂದಿರುಗುವ ಉಬ್ಬರ-ಇಳಿತ ಸೇರಿ ಅಳಿವೆಯನ್ನು ತೆರೆದಿಡುತ್ತವೆ. ಆದರೂ ಬಾಯಲ್ಲಿ ಮರಳು ತುಂಬಿ ದೋಣಿಗಳಿಗೆ ತೊಂದರೆ ತಪ್ಪಿದ್ದಲ್ಲ.

ಹೊಳೆಯ ಹರಿವಿಗೆ ಉಬ್ಬರ ಎದುರಾದಾಗ ನೀರಿನ ವೇಗ ತಗ್ಗುತ್ತದೆ, ಹೊತ್ತು ತಂದ ಮಣ್ಣು ತಳಕ್ಕೆ ಕೂರುತ್ತದೆ. ವರ್ಷಗಳು ಕಳೆದಂತೆ ಅದು ಕುದ್ರು, ಅಂದರೆ ನಡುಗಡ್ಡೆಯಾಗಿ ಮೇಲೇಳುತ್ತದೆ. ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಇಂಥದೊಂದು.

ಬೇಸಗೆಯಲ್ಲಿ ಸಿಹಿನೀರಿನ ಒತ್ತಡ ಇಳಿದರೆ ಉಪ್ಪುನೀರು ಹೊಳೆಯಲ್ಲಿ ಮೇಲೇರಿ ದಡದ ಬಾವಿಗಳಿಗೂ ಸೇರುತ್ತದೆ. ಅದನ್ನು ತಡೆಯಲಿಕ್ಕೆ ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಹೊಳೆಯಲ್ಲಿ ಇನ್ನೂ ಸಿಹಿನೀರು ಇರುವಾಗಲೇ ಕಿಂಡಿಗೆ ಹಲಗೆ ಹಾಕಬೇಕು. ತಡವಾದರೆ ಅಷ್ಟರೊಳಗೆ ಮೇಲೇರಿದ ಉಪ್ಪುನೀರೂ ಕಟ್ಟದ ಒಳಗೇ ನಿಲ್ಲುತ್ತದೆ. ಮುಂಗಾರಿಗೆ ಮೊದಲು ಹಲಗೆ ತೆಗೆಯದಿದ್ದರೆ ಮೊದಲ ನೆರೆಗೇ ಬೈಲುಗದ್ದೆ ಮುಳುಗುತ್ತದೆ.