ಬ್ಯಾಟರಿ ಸತ್ತರೆ ಕೀಲಿಕೈ ಸಾಯುವುದಿಲ್ಲ

ಬೀಗದ ಕೈ ಎಂದೊಡನೆ ನಮ್ಮ ಪ್ರಾಯದವರ ನೆನಪಿಗೆ ಬರುವುದು ಪತ್ತಾಯದ ಬೀಗ, ಅದರ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಅಜ್ಜಿಯಂದಿರು. ಆ ಕಬ್ಬಿಣದ ಕೈಗೆ ತುಕ್ಕು ಹಿಡಿಯಬಹುದಿತ್ತೇ ಹೊರತು ಪ್ರಾಣ ಹೋಗುವ ಭಯವಿರಲಿಲ್ಲ. ಈಗ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಂಗಳಗಳಲ್ಲಿ ಕಾರು ನಿಂತಿರುವುದು ಅಪರೂಪದ ನೋಟವೇನಲ್ಲ. ಮಗ ಗಲ್ಫಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರುತ್ತಾನೆ. ಕಾರು ಮತ್ತು ಅದರ ಕೀಲಿಕೈ ತಂದೆತಾಯಿಯರ ವಶದಲ್ಲಿ ಇರುತ್ತದೆ. ಆ ಕೀಲಿಕೈಯಾದರೋ ಒಂದು ಪುಟ್ಟ ಕಪ್ಪು ಡಬ್ಬಿ. ಅದುಮಿದರೆ ಕಾರು ಕಣ್ಣು ಮಿಟುಕಿಸುತ್ತದೆ. ಒಂದು ದಿನ ಅದುಮಿದರೂ ಮಿಟುಕಿಸದೆ ಹೋಗುತ್ತದೆ. ಆ ಒಂದು ದಿನ ಎಂಬುದು ರಾತ್ರಿ ಹನ್ನೊಂದು ಗಂಟೆಗೆ, ಮನೆಯ ಹಿರಿಯರಿಗೆ ಎದೆನೋವು ಕಾಣಿಸಿ ಮಂಗಳೂರಿಗೆ ಹೊರಡಬೇಕಾದ ಹೊತ್ತೇ ಆಗಿರಬಾರದೆಂದೇನೂ ಇಲ್ಲವಷ್ಟೆ. ಕಾರಿನೊಂದಿಗೆ ಬರುವ ಪುಸ್ತಕದಲ್ಲಿ ಇದಕ್ಕೆಲ್ಲ ಉತ್ತರವಿದೆ ಎಂಬುದು ನಿಜ. ಆದರೆ ಆ ಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದನ್ನು ಬಿಡಿಸಿ ನೋಡಿದವರನ್ನು ನಾವು ಕಂಡದ್ದು ಕಡಿಮೆ. ಆದುದರಿಂದ ಈ ಬರಹ.

ಮೊದಲಾಗಿ ತಿಳಿಯಬೇಕಾದ ಸಂಗತಿಯೆಂದರೆ, ಆ ಡಬ್ಬಿಯೊಳಗೆ ಇರುವುದು ಒಂದು ಕೀಲಿಕೈಯಲ್ಲ, ಮೂರು. ಒಂದನೆಯದು ಲೋಹದ ಅಲಗು. ಇದು ಬಾಗಿಲಿನ ಬೀಗವನ್ನು ತಿರುಗಿಸುತ್ತದೆ. ಎರಡನೆಯದು ಟ್ರಾನ್ಸ್‌ಪಾಂಡರ್ ಎಂಬ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ಪು; ಇದು ಇಂಜಿನಿಗೆ ಗುರುತು ಹೇಳುತ್ತದೆ. ಮೂರನೆಯದು ರಿಮೋಟು, ಇದು ದೂರದಿಂದ ಬಾಗಿಲು ತೆರೆಯುವ ರೇಡಿಯೋ. ಬ್ಯಾಟರಿ ಮುಗಿದಾಗ ಸಾಯುವುದು ಈ ಮೂರನೆಯದು ಮಾತ್ರ. ಉಳಿದ ಎರಡಕ್ಕೆ ಬ್ಯಾಟರಿಯ ಹಂಗೇ ಇಲ್ಲ.

ಬ್ಯಾಟರಿಯಿಲ್ಲದೆ ಚಿಪ್ಪು ಹೇಗೆ ಮಾತನಾಡುತ್ತದೆ ಎಂದು ಕೇಳಬಹುದು. ನಮ್ಮ ಹತ್ತನೆಯ ತರಗತಿಯ ಮಕ್ಕಳು ಕಲಿಯುವ ಪಾಠವೇ ಇದಕ್ಕೆ ಉತ್ತರ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡಂತೆ, ಬದಲಾಗುತ್ತಿರುವ ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿಯನ್ನು ಇಟ್ಟರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಕೀಲಿ ತಿರುಗಿಸುವ ತೂತಿನ ಸುತ್ತ ಕಾರಿನವರು ಒಂದು ಸುರುಳಿ ಇಟ್ಟಿದ್ದಾರೆ, ಚಿಪ್ಪಿನಲ್ಲಿ ಇನ್ನೊಂದು ಸಣ್ಣ ಸುರುಳಿ ಇದೆ. ಹತ್ತಿರ ಬಂದೊಡನೆ ಕಾರೇ ಚಿಪ್ಪಿಗೆ ಶಕ್ತಿ ಕೊಡುತ್ತದೆ, ಚಿಪ್ಪು ತನ್ನ ಗುರುತು ಒಪ್ಪಿಸುತ್ತದೆ. ದೂರವಾದರೆ ಈ ಮಾತುಕತೆ ನಡೆಯದು. ಕೆಲವೇ ಸೆಂಟಿಮೀಟರಿನ ಒಳಗೆ ಇರಬೇಕು. ಕಳ್ಳತನ ತಡೆಯುವ ಈ ಏರ್ಪಾಡಿಗೆ ಇಮ್ಮೊಬಿಲೈಸರ್ ಎಂದು ಹೆಸರು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯವಾಯಿತು.

ಹೀಗಿರಲು, ರಿಮೋಟು ಕೆಲಸ ಮಾಡದ ಹೊತ್ತಿನಲ್ಲಿ ಗಾಬರಿಯಾಗದೆ ಅಲಗಿನಿಂದ ಬಾಗಿಲು ತೆರೆಯಬೇಕು. ಮಡಚುವ ಕೀಲಿಕೈಯಾದರೆ ಅಲಗು ಕಣ್ಣೆದುರಿಗೇ ಇದೆ. ಗುಂಡಿ ಒತ್ತಿ ಇಂಜಿನು ಹೊರಡಿಸುವ ಕಾರುಗಳ ಕೀಲಿಕೈಯಲ್ಲಿ ಅದು ಡಬ್ಬಿಯೊಳಗೆ ಅಡಗಿರುತ್ತದೆ. ಪಕ್ಕದ ಸಣ್ಣ ಕೊಂಡಿಯನ್ನು ಸರಿಸಿ ಎಳೆದರೆ ಹೊರಬರುತ್ತದೆ. ಬಾಗಿಲಿನಲ್ಲಿ ಕೀಲಿತೂತೇ ಕಾಣುತ್ತಿಲ್ಲವೆಂದರೆ ಚಾಲಕನ ಬದಿಯ ಹಿಡಿಯ ತುದಿಯನ್ನು ನೋಡಿರಿ. ಕೆಲವು ಕಾರುಗಳಲ್ಲಿ ಅಲ್ಲಿ ಒಂದು ಮುಚ್ಚಳದ ಹಿಂದೆ ಅದು ಇರುತ್ತದೆ. ಹೀಗೆ ತೆರೆದಾಗ ಕಾರು ಕಳ್ಳ ಬಂದನೆಂದು ಬೊಬ್ಬೆ ಹಾಕುವುದುಂಟು. ನೆರೆಯವರು ಎದ್ದು ಬಂದರೂ ಅಡ್ಡಿಯಿಲ್ಲ, ಒಳಗೆ ಕುಳಿತು ಇಂಜಿನು ಹೊರಡಿಸಿದರೆ ಅದು ನಿಲ್ಲುತ್ತದೆ. ಗುಂಡಿಯ ಕಾರಾದರೆ ಬ್ರೇಕು ತುಳಿದು, ಸತ್ತ ಕೀಲಿಕೈಯನ್ನೇ ಆ ಗುಂಡಿಗೆ ತಾಗಿಸಿ ಹಿಡಿದು ಒತ್ತಬೇಕು. ಗೇರಿನ ಕಾರಿನಲ್ಲಿ ಕ್ಲಚ್ಚನ್ನೂ ತುಳಿಯಬೇಕು. ಕೆಲವು ಕಂಪೆನಿಗಳವರು ಗುಂಡಿಯ ಬದಲು ಬೇರೊಂದು ಜಾಗವನ್ನು ಗೊತ್ತುಮಾಡಿರುವುದರಿಂದ, ನಿಮ್ಮ ಕಾರಿನಲ್ಲಿ ಅದು ಎಲ್ಲಿದೆಯೆಂದು ಹಗಲು ಹೊತ್ತಿನಲ್ಲಿ, ಮನಸ್ಸು ಶಾಂತವಾಗಿರುವಾಗಲೇ ಒಮ್ಮೆ ಮಾಡಿ ನೋಡಿಟ್ಟುಕೊಳ್ಳುವುದು ಲೇಸು. ಮಗ ರಜೆಯಲ್ಲಿ ಬಂದಾಗ ಅಪ್ಪನಿಗೆ ಮಾತ್ರವಲ್ಲ, ಅಮ್ಮನಿಗೂ ಇದನ್ನು ತೋರಿಸಿಕೊಡಲಿ.

ಇಲ್ಲಿ ಒಂದು ತೊಡಕು. ರಿಮೋಟಿನ ಅಭ್ಯಾಸವಾದ ಮೇಲೆ ಬಾಗಿಲಿನ ಕೀಲಿತೂತಿಗೆ ವರ್ಷಗಟ್ಟಲೆ ಅಲಗು ಸೋಕಿರುವುದಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿ, ಆರು ತಿಂಗಳ ಮಳೆ, ರಸ್ತೆಯ ಕೆಮ್ಮಣ್ಣು ಸೇರಿ ಅದು ಕಚ್ಚಿಕೊಂಡಿರುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಅಲಗು ಹಾಕಿ ತಿರುಗಿಸುತ್ತಿರಬೇಕು. ಬಿಗಿಯಾಗಿದ್ದರೆ ಗ್ರಾಫೈಟ್ ಪುಡಿ ಹಾಕಬೇಕೇ ಹೊರತು ತೆಂಗಿನೆಣ್ಣೆಯನ್ನಲ್ಲ. ತೆಂಗಿನೆಣ್ಣೆ ನಮ್ಮವರಿಗೆ ಸರ್ವರೋಗಕ್ಕೂ ಮದ್ದಾದರೂ ಬೀಗದೊಳಗೆ ಅದು ಧೂಳು ಹಿಡಿದು ಅಂಟಾಗುತ್ತದೆ.

ರಿಮೋಟು ಸತ್ತಂತೆ ಕಂಡಾಗ ಸತ್ತದ್ದು ರಿಮೋಟೇ ಹೌದೋ ಎಂದು ಪರೀಕ್ಷಿಸುವುದೂ ಅವಶ್ಯ. ಎರಡನೆಯ ಕೀಲಿಕೈ ತಂದು ಅದುಮಿರಿ. ಅದು ಕೆಲಸ ಮಾಡಿದರೆ ದೋಷ ಮೊದಲನೆಯದರಲ್ಲಿದೆ. ಎರಡೂ ಕೆಲಸ ಮಾಡದಿದ್ದರೆ ಹೆಚ್ಚಾಗಿ ಕಾರಿನ ದೊಡ್ಡ ಬ್ಯಾಟರಿಯೇ ಮಲಗಿರುತ್ತದೆ; ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರುಗಳಲ್ಲಿ ಇದು ಸಾಮಾನ್ಯ. ಟಿ.ವಿ. ರಿಮೋಟಿನಂತೆ ಮೊಬೈಲಿನ ಕ್ಯಾಮರಾದ ಎದುರು ಹಿಡಿದು ಬೆಳಕು ಕಾಣುತ್ತದೋ ಎಂದು ನೋಡುವವರಿದ್ದಾರೆ. ಟಿ.ವಿ.ಯದು ಅತಿರಕ್ತ ಬೆಳಕು, ಕಾರಿನದು ರೇಡಿಯೋ ತರಂಗ, ಏನೂ ಕಾಣದು. ಬ್ಯಾಟರಿಯ ಅವಸಾನಕಾಲ ಮುಂಚಿತವಾಗಿಯೇ ತಿಳಿಯುತ್ತದೆ. ಮೊದಲು ಗೇಟಿನಿಂದಲೇ ತೆರೆಯುತ್ತಿದ್ದದ್ದು ಈಗ ಬಾಗಿಲ ಬಳಿ ಬಂದರೆ ಮಾತ್ರ ತೆರೆಯುತ್ತದೆ, ಎರಡು ಮೂರು ಸಲ ಅದುಮಬೇಕಾಗುತ್ತದೆ. ಗುಂಡಿಯ ಕಾರಿನ ಕೀಲಿಕೈ ಹಗಲಿರುಳೂ ಕಾರಿನ ಕರೆಗೆ ಕಿವಿಗೊಟ್ಟಿರುವುದರಿಂದ ಅದರ ಬ್ಯಾಟರಿ ಬೇಗನೆ ತೀರುತ್ತದೆ. ಕಾರು ನಿಲ್ಲಿಸಿದ ಗೋಡೆಯ ಮೊಳೆಗೇ ಅದನ್ನು ತೂಗುಹಾಕಿದರೆ ಇನ್ನೂ ಬೇಗ.

ಇನ್ನು ಬ್ಯಾಟರಿ ಬದಲಿಸುವುದು. ಹಳೆಯ ಬ್ಯಾಟರಿಯ ಬೆನ್ನ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಸಿ.ಆರ್. 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಎಂದರೆ ಅದೇ ಅಗಲ, ದಪ್ಪ 2.5. 1620 ಎಂದರೆ 16 ಅಗಲ, 2 ದಪ್ಪ. ಮೂರೂ 3 ವೋಲ್ಟಿನವೇ. ಹಾಗೆಂದು 2032 ಸಿಗದಾಗ 2025ನ್ನು ತುರುಕಿ ಕಾಗದ ಮಡಚಿ ಇಡುವ ಚಾತುರ್ಯ ಬೇಡ. ಹೊಂಡಕ್ಕೆ ಕಾರು ಬಿದ್ದಾಗ ಸಂಪರ್ಕ ತಪ್ಪುತ್ತದೆ, ನಮ್ಮ ರಸ್ತೆಗಳಲ್ಲಿ ಹೊಂಡಕ್ಕೇನೂ ಬರವಿಲ್ಲ. ಡಬ್ಬಿಯ ಅಂಚಿನಲ್ಲಿರುವ ಕಚ್ಚಿಗೆ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲನೆ ತಿರುಗಿಸಿದರೆ ಅದು ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಕೂಡಿಸು ಚಿಹ್ನೆ ಯಾವ ಕಡೆಗಿದೆ ಎಂದು ನೋಡಿಟ್ಟುಕೊಳ್ಳಿರಿ. ಹೊಸ ಬ್ಯಾಟರಿಯನ್ನು ಅಂಚಿನಲ್ಲಿ ಹಿಡಿದು ಒಣಬಟ್ಟೆಯಲ್ಲಿ ಒರಸಿ ಕೂರಿಸಿರಿ. ಉಕ್ಕಿನ ಚಿಮುಟದಲ್ಲಿ ಎರಡೂ ಮುಖ ಸೇರಿಸಿ ಹಿಡಿದರೆ ಹೊಸದೂ ಬರಿದಾಗುತ್ತದೆ. ಒಳಗಿನ ತಗಡಿನಲ್ಲಿ ಹಸಿರು ಕಿಲುಬು ಕಂಡರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಬಹುದು. ಮುಚ್ಚುವಾಗ ಸುತ್ತಲಿನ ರಬ್ಬರ್ ಪಟ್ಟಿ ಸರಿಯಾಗಿ ಕೂತಿರಲಿ, ಇಲ್ಲವಾದರೆ ಮುಂದಿನ ಆಷಾಢದಲ್ಲಿ ಒಳಗೆ ನೀರು.

ಬ್ಯಾಟರಿ ತೆಗೆದರೆ ಕೀಲಿಕೈ ತನ್ನ ಗುಟ್ಟನ್ನು ಮರೆತುಬಿಡುತ್ತದೆ, ಪುನಃ ಕಂಪ್ಯೂಟರಿನಲ್ಲಿ ಬರೆಯಿಸಬೇಕು ಎಂಬ ಹೆದರಿಕೆ ಬಹಳ ಮಂದಿಗೆ ಇದೆ, ಹೆದರಿಸುವವರೂ ಇದ್ದಾರೆ. ಕಳೆದ ಮಳೆಗಾಲದಲ್ಲಿ ನಮ್ಮ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರಿಗೆ ಒಂದು ಕಡೆ ರಿಮೋಟು ಹಾಳಾಗಿದೆ, ಹೊಸ ಕೀಲಿಕೈಯೇ ಆಗಬೇಕು ಎಂದು ಒಂಬತ್ತು ಸಾವಿರ ರೂಪಾಯಿಯ ಲೆಕ್ಕ ಹೇಳಿದರು. ಮೂಗಿಗಿಂತ ಮೂಗುತಿ ಭಾರವಾಯಿತೆಂದು ಗೊಣಗುತ್ತ ಹೊರಬಂದ ಅವರು, ದಾರಿಯಲ್ಲಿ ವಾಚು ರಿಪೇರಿಯವನ ಬಳಿ ಐವತ್ತು ರೂಪಾಯಿಯ ಬ್ಯಾಟರಿ ಹಾಕಿಸಿದರು. ಕಾರು ಕಣ್ಣು ಮಿಟುಕಿಸಿತು. ರಿಮೋಟಿನ ಗುಟ್ಟು ಬ್ಯಾಟರಿಯಿಲ್ಲದೆಯೂ ಅಳಿಯದ ಸ್ಮೃತಿಯಲ್ಲಿ ಬರೆದಿಟ್ಟದ್ದು. ಅದುಮಿದಾಗಲೆಲ್ಲ ಬೇರೆ ಬೇರೆ ಸಂಕೇತ ಕಳುಹಿಸುವ ಈ ಪದ್ಧತಿಗಳಲ್ಲಿ ಹೆಸರಾದ ಕೀಲಾಕ್ ಎಂಬುದು 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡಿತು. ಕಾರಿನ ಎಣಿಕೆಯೂ ರಿಮೋಟಿನ ಎಣಿಕೆಯೂ ಜತೆಯಾಗಿ ಮುಂದೆ ಹೋಗುತ್ತವೆ. ಮನೆಯಲ್ಲಿ ಮಗು ರಿಮೋಟನ್ನು ಹಿಡಿದು ನೂರಾರು ಸಲ ಅದುಮಿದ್ದರೆ ಈ ಎಣಿಕೆ ತಪ್ಪಬಹುದು. ಆಗ ಕಾರಿನ ಪಕ್ಕ ನಿಂತು ಬೆನ್ನುಬೆನ್ನಿಗೆ ಎರಡು ಸಲ ಅದುಮಿದರೆ ಹೆಚ್ಚಿನವು ಸರಿಹೋಗುತ್ತವೆ.

ಕೀಲಿಕೈ ನಿಜವಾಗಿ ಕಳೆದುಹೋದರೆ ಯಾ ಹೊಳೆಗೆ ಬಿದ್ದು ಚಿಪ್ಪೇ ಹೋದರೆ ಮಾತ್ರ ಹೊಸದು ಬೇಕು. ಅದನ್ನು ಕಾರಿಗೆ ಪರಿಚಯಿಸುವ ಕೆಲಸ ಕಂಪ್ಯೂಟರಿನಲ್ಲೇ ಆಗಬೇಕಾದುದು, ಖರ್ಚು ಸಾವಿರಗಳ ಲೆಕ್ಕ. ಉಳಿದ ಒಂದು ಕೀಲಿಕೈ ಕೈಯಲ್ಲಿದ್ದರೆ ಕೆಲಸ ಹಗುರ. ಎರಡೂ ಹೋದರೆ ಕಷ್ಟವೂ ಖರ್ಚೂ ಹೆಚ್ಚು. ಹೊಸ ಕಾರಿನೊಂದಿಗೆ ಕೀಲಿಯ ಸಂಖ್ಯೆ ಕೆತ್ತಿದ ಸಣ್ಣ ತಗಡು ಕೊಟ್ಟಿದ್ದರೆ ಅದನ್ನು ಆಧಾರ ಪತ್ರಗಳೊಂದಿಗೆ ಮನೆಯಲ್ಲಿ ಇಡಿರಿ, ಕಾರಿನೊಳಗಲ್ಲ. ಎರಡನೆಯ ಕೀಲಿಕೈಯನ್ನು ಮಗ ದುಬಾಯಿಗೆ ಕೊಂಡುಹೋಗುವ ಕ್ರಮವನ್ನೂ ನಾವು ಕಂಡಿದ್ದೇವೆ. ಅಲ್ಲಿ ಅದರಿಂದ ತೆರೆಯುವ ಬಾಗಿಲು ಯಾವುದೆಂದು ನಮಗೆ ಹೊಳೆದಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಮೇಜಿನ ಮೇಲೆ ಉಳಿಯುವ ಹಳೆಯ ಬ್ಯಾಟರಿಯ ವಿಚಾರವನ್ನು ವಾಚಕರು, ವಿಶೇಷವಾಗಿ ಸಣ್ಣ ಮಕ್ಕಳಿರುವ ಮನೆಯವರು, ಗಮನವಿಟ್ಟು ಓದಬೇಕು. ಕಾರಿನ ಪಾಲಿಗೆ ಸತ್ತ ಈ ಬ್ಯಾಟರಿ ಮಗುವಿನ ಪಾಲಿಗೆ ಸತ್ತಿಲ್ಲ. ರಿಮೋಟು ನಡೆಸಲಾರದಷ್ಟು ಸೋತಿದ್ದರೂ ಅದರಲ್ಲಿ ಉಳಿದ ವೋಲ್ಟೇಜು ಸಾಕು. 20 ಮಿಲಿಮೀಟರಿನ ಬಿಲ್ಲೆ ಎಳೆಯ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಒದ್ದೆಯಾದ ಅಲ್ಲಿ ಕರೆಂಟು ಹರಿದು ಬಿಲ್ಲೆಯ ಋಣಮುಖದಲ್ಲಿ ತೀಕ್ಷ್ಣವಾದ ಕ್ಷಾರ ಉಂಟಾಗುತ್ತದೆ. ಎರಡೇ ಗಂಟೆಗಳಲ್ಲಿ ಆಳವಾದ ಸುಟ್ಟಗಾಯವಾಗಬಹುದು. ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ 18 ತಿಂಗಳ ಹೆಣ್ಣುಮಗುವೊಂದು ಹೀಗೆ ಬಿಲ್ಲೆ ನುಂಗಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ 2022ರಲ್ಲಿ ಅಲ್ಲಿ ರೀಸ್ ಕಾನೂನು ಬಂತು. ಮನೆಬಳಕೆಯ ಸಾಮಾನುಗಳಲ್ಲಿ ಬಿಲ್ಲೆ ಬ್ಯಾಟರಿಯ ಗೂಡು ಮಕ್ಕಳ ಕೈಗೆ ತೆರೆಯದಂತಿರಬೇಕೆಂಬುದು ಅದರ ತಾತ್ಪರ್ಯ.

ಮಗು ನುಂಗಿತೆಂಬ ಸಂಶಯ ಬಂದರೆ, ಯಾ ಇದ್ದಕ್ಕಿದ್ದಂತೆ ಜೊಲ್ಲು ಸುರಿಸಿ ಊಟ ಒಲ್ಲೆನೆಂದರೆ, ನಾಳೆ ನೋಡೋಣ ಎನ್ನದೆ ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಹೊರಡಬೇಕು, ಬಿಲ್ಲೆ ಬ್ಯಾಟರಿ ಎಂದು ಬಾಯಿಬಿಟ್ಟು ಹೇಳಬೇಕು. ವಾಂತಿ ಮಾಡಿಸಬಾರದು, ಅನ್ನ ನೀರು ಕೊಡಬಾರದು. ನುಂಗಿ 12 ಗಂಟೆ ಕಳೆದಿರದಿದ್ದರೆ, ಮಗುವಿಗೆ ಒಂದು ವರ್ಷ ದಾಟಿದ್ದು ನುಂಗಲು ಸಾಧ್ಯವಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಮಚದಂತೆ, ಹೆಚ್ಚೆಂದರೆ ಆರು ಸಲ, ಜೇನು ಕೊಡಬಹುದೆಂದು ತಜ್ಞ ವೈದ್ಯರ ಸೂಚನೆಯಿದೆ. ಇದು ಗಾಯದ ಉಗ್ರತೆಯನ್ನು ತಗ್ಗಿಸುತ್ತದೆ. ಜೇನು ಹುಡುಕುತ್ತ ಹೊತ್ತು ಕಳೆಯಬಾರದು. ವರ್ಷ ತುಂಬದ ಕೂಸಿಗೆ ಜೇನು ಕೂಡದು.

ಹೊಸತನ್ನು ಹಾಕಿದ ಕೈಯಲ್ಲೇ ಹಳೆಯದರ ಎರಡೂ ಮುಖಕ್ಕೆ ಅಂಟುಪಟ್ಟಿ ಸುತ್ತಿ, ಮಕ್ಕಳಿಗೆ ಎಟುಕದ ಮಾಡದಲ್ಲಿ ಮುಚ್ಚಳದ ಡಬ್ಬಿಯೊಳಗೆ ಇಡಿರಿ. ಹರಿತ ಕರ್ಮಸೇನೆಯವರು ಇಲೆಕ್ಟ್ರಾನಿಕ್ ಕಸ ಸಂಗ್ರಹಿಸಲು ಬರುವ ದಿನ ಅವರ ಕೈಗೆ ಕೊಟ್ಟುಬಿಡಿರಿ.