ಗಾಳದ ಕಪ್ಪೆಗೆ ಜಾರದ ಗಂಟು

ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟವರಿಗೆ ಕೊರಮೀನಿನ ಕಾಟ ಗೊತ್ತೇ ಇದೆ. ಮಳೆಗಾಲದಲ್ಲಿ ಹಳ್ಳದ ನೀರಿನ ಜತೆ ಬರುತ್ತದೆ, ಒದ್ದೆ ನೆಲದ ಮೇಲೆ ತೆವಳಿಕೊಂಡೂ ಬರುತ್ತದೆ. ಬಂದದ್ದೇ ತಡ, ಮರಿ ನುಂಗಲು ಶುರು. ಬಲೆ ಎಳೆದರೆ ಕೆಸರಲ್ಲಿ ಹೂತುಕೊಳ್ಳುತ್ತದೆ. ಇದಕ್ಕೆ ಗಾಳವೇ ಮದ್ದು. ಎರೆಹುಳ ಚುಚ್ಚಿದರೆ ಎಲ್ಲ ಮೀನೂ ಬಾಯಿ ಹಾಕುತ್ತವೆ. ರಬ್ಬರ್ ಕಪ್ಪೆ ಕಟ್ಟಿ ನೀರಿನ ಮೇಲೆ ಕುಣಿಸಿದರೆ ಕೊರಮೀನು ಹಾರಿ ಹಿಡಿಯುತ್ತದೆ, ಕಾಟ್ಲಾ, ರೋಹು ಅದರ ಗೊಡವೆಗೆ ಬರುವುದು ಅಪರೂಪ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಇದು ಬೇಡ. ಮುಳ್ಳು ತಾಗಿದರೆ ಹಾಳೆ ತೂತು.

ಕಪ್ಪೆ ಅಂಗಡಿಯಲ್ಲಿ ಸಿಗುತ್ತೆ, ಗಂಟು ನಾವೇ ಹಾಕಬೇಕು. ಕತ್ತಾಳೆ ಹಗ್ಗಕ್ಕೆ ಎರಡು ಗಂಟು ಬಿಗಿದರೆ ಮುಗೀತು, ನಾರು ಒರಟು, ಒಂದಕ್ಕೊಂದು ಹಿಡ್ಕೊಳ್ಳುತ್ತೆ. ನೈಲಾನ್ ನುಣುಪು. ಅದೇ ಗಂಟು ಹಾಕಿದರೆ ಜಾರಿ ಹೋಗುತ್ತೆ. ಮೀನು ಹೋದರೆ ಹೋಗಲಿ, ಕಪ್ಪೆ ಮುಳ್ಳಿನ ಸಮೇತ ಹೊಂಡದಲ್ಲೇ ಉಳಿಯುತ್ತೆ. ದನ ಇಳಿಯುವ ನೀರು, ಮಕ್ಕಳು ಕಾಲಿಡುವ ನೀರು.

ನೈಲಾನ್‌ಗೆ ಗಂಟು ಹೀಗೆ: ದಾರದ ತುದಿಯನ್ನು ಕಪ್ಪೆಯ ಮೂತಿಯ ಬಳೆಯೊಳಗೆ ತೂರಿಸಿ ಒಂದು ಗೇಣು ಎಳೆದುಕೊಳ್ಳಿ. ಆ ತುದಿಯನ್ನು ಮೂಲ ದಾರಕ್ಕೆ 5-6 ಸುತ್ತು ಸುತ್ತಿ. ದಾರ ದಪ್ಪ ಇದ್ದರೆ 4 ಸಾಕು. ಬಳೆಯ ಪಕ್ಕದಲ್ಲೇ ಸಣ್ಣ ಕಿಂಡಿ ಉಳಿದಿರುತ್ತೆ. ತುದಿಯನ್ನು ಹಿಂದಕ್ಕೆ ತಂದು ಅದರಲ್ಲಿ ತೂರಿಸಿ. ಆಗ ದೊಡ್ಡದೊಂದು ಕುಣಿಕೆ ಆಗುತ್ತೆ, ಅದರೊಳಗೂ ತೂರಿಸಿ. ಎಂಜಲು ಹಚ್ಚಿ ಮೆಲ್ಲಗೆ ಬಿಗಿಯಿರಿ. ಎಂಜಲು ಅಂತ ಅಸಹ್ಯ ಪಡಬೇಡಿ, ನೀರಾದರೂ ಸರಿ. ಒಣಗಿದ್ದಾಗಲೇ ಎಳೆದರೆ ತಿಕ್ಕಾಟದ ಬಿಸಿಗೆ ನೈಲಾನ್ ಸೊರಗುತ್ತೆ, ಆಮೇಲೆ ಗಂಟಿನ ಹತ್ತಿರವೇ ತುಂಡಾಗುತ್ತೆ.

ಜೊಂಡು, ಪಾಚಿ ಇರುವಲ್ಲಿ ಹೆಣೆದ ದಾರ ಒಳ್ಳೇದು. ಅದು ಇನ್ನೂ ನುಣುಪು, ಮೇಲಿನ ಗಂಟು ನಂಬುವಂತಿಲ್ಲ. ದಾರವನ್ನು ಜೋಡಿ ಮಡಚಿ, ಮಡಿಕೆಯನ್ನು ಬಳೆಯಲ್ಲಿ ತೂರಿಸಿ, ಜೋಡಿ ಎಳೆಯಲ್ಲೇ ಒಂದು ಸಡಿಲ ಗಂಟು ಹಾಕಿ. ಮಡಿಕೆಯ ಕುಣಿಕೆಯೊಳಗಿಂದ ಇಡೀ ಕಪ್ಪೆಯನ್ನು ದಾಟಿಸಿ, ಒದ್ದೆ ಮಾಡಿ ಬಿಗಿಯಿರಿ. ಕಲಿಯಲು ಸುಲಭ, ಬಲದಲ್ಲೂ ನನ್ನ ಪ್ರಕಾರ ಇದೇ ಮೇಲು. ಕಪ್ಪೆ ದಾಟುವಷ್ಟು ಕುಣಿಕೆ ದೊಡ್ಡದಿರಬೇಕು, ಅಷ್ಟೆ.

ನೀರಲ್ಲಿ ಓಲಾಡುವ ಪ್ಲಾಸ್ಟಿಕ್ ಮೀನಿಗೆ ಗಂಟು ಮೂತಿಗೆ ಬಿಗಿದರೆ ಅದರ ಓಲಾಟವೇ ನಿಲ್ಲುತ್ತೆ. ಮೂತಿಗೆ ಉಂಗುರ ಇದ್ದರೆ ಉಂಗುರಕ್ಕೆ ಕಟ್ಟಿ. ಗಿರಗಿರ ತಿರುಗುವ ತಗಡಿಗೆ ಮಾತ್ರ ನಡುವೆ ತಿರುಗುಕೊಂಡಿ ಬೇಕೇ ಬೇಕು. ಇಲ್ಲದಿದ್ದರೆ ದಾರ ಹುರಿಗೊಂಡು ಕಗ್ಗಂಟು.

ಕಟ್ಟಿದ ಮೇಲೆ ಕಪ್ಪೆಗೆ ದಪ್ಪ ಬಟ್ಟೆ ಸುತ್ತಿ ಹಿಡಿದು ದಾರ ಎಳೆದು ನೋಡಿ. ಜಾರುವುದಾದರೆ ದಡದಲ್ಲೇ ಜಾರಲಿ. ಕೊರಮೀನಿಗೆ ಹಲ್ಲಿದೆ. ಒಂದೊಂದು ಮೀನು ಹಿಡಿದಾಗಲೂ ಕೊನೆಯ ಒಂದು ಗೇಣು ದಾರವನ್ನು ಬೆರಳಲ್ಲಿ ಸವರಿ. ತರಿತರಿ ಅನ್ನಿಸಿದರೆ ಅಷ್ಟು ಕತ್ತರಿಸಿ ಹೊಸದಾಗಿ ಕಟ್ಟಿ. ಕತ್ತರಿಸಿದ ತುಂಡನ್ನು ಬದುವಿನ ಮೇಲೆ ಎಸೆಯಬೇಡಿ, ಹಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತೆ, ಮೇವಿನ ಜತೆ ದನದ ಹೊಟ್ಟೆಗೂ ಹೋಗುತ್ತೆ. ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ.

ಊರ ಕೆರೆಯಾದರೆ ಮೀನಿನ ಗುತ್ತಿಗೆ ಹಿಡಿದವರನ್ನು ಮೊದಲು ಕೇಳಿಕೊಳ್ಳಿ. ಅಲ್ಲಿ ಕೆಂಪು ಮರಿಗಳ ಹಿಂಡಿನ ಹತ್ತಿರ ತಾಯಿ ಮೀನು ಕಾವಲಿದ್ದರೆ ಗಾಳ ಎಸೆಯದಿರುವುದೇ ಲೇಸು.